ಶೋಕೇಸಿನ ಕಪ್ಪು, ಕಸದ ಕಪ್ಪು

ಶಿರಸಿಯಲ್ಲಿ ಎರಡು ವರ್ಷಕ್ಕೊಮ್ಮೆ, ಸಾಗರದಲ್ಲಿ ಮೂರು ವರ್ಷಕ್ಕೊಮ್ಮೆ ಮಾರಿಕಾಂಬೆಯ ಜಾತ್ರೆ ನೆರೆಯುತ್ತದೆ. ದೇವಿಯ ದರ್ಶನ ಮುಗಿಸಿ, ತೊಟ್ಟಿಲು, ಮಿಠಾಯಿ, ಬಳೆ ಅಂಗಡಿಗಳನ್ನು ದಾಟಿ ಬರುವ ಮಲೆನಾಡಿನ ಹೆಂಗಸರು ತಪ್ಪದೆ ನಿಲ್ಲುವ ಸ್ಥಳವೊಂದಿದೆ. ಅಲ್ಲಿ ತಾಡಪಾಲಿನ ಮೇಲೆ ಚಹಾದ ಕಪ್ಪು-ಬಸಿಗಳ ರಾಶಿ ಬಿದ್ದಿರುತ್ತದೆ. ಬಿಳಿಯವು, ಹೂವಿನವು, ಚಿನ್ನದ ಗೆರೆಯವು, ಹಿಡಿಕೆ ಸ್ವಲ್ಪ ವಾಲಿದವು. ಚೌಕಾಸಿಯೂ ಜಾತ್ರೆಯಷ್ಟೇ ಹಳೆಯದು.

‘ಅಕ್ಕಾ, ಜೋಡಿಗೆ ಐವತ್ತು. ಆರು ಜೋಡಿ ತಗೊಂಡ್ರೆ ಇನ್ನೂರೈವತ್ತು ಕೊಡಿ.’

‘ಈ ಬಸಿಯ ಅಂಚು ಮುಕ್ಕಾಗಿದೆಯಲ್ಲ ತಮ್ಮಾ. ಇನ್ನೂರು ಮಾಡು.’

ಇನ್ನೂರ ಮೂವತ್ತಕ್ಕೆ ವ್ಯಾಪಾರ ಕುದುರುತ್ತದೆ. ಕೊಂಡವಳ ಮುಖದಲ್ಲಿ ಗೆದ್ದ ಕಳೆ ಮೂಡುತ್ತದೆ. ಆ ಗೆಲುವನ್ನು ಹಾಸ್ಯ ಮಾಡುವ ಹಕ್ಕು ಯಾರಿಗೂ ಇಲ್ಲ. ಅಡಿಕೆ ಸುಲಿದು ಕೂಡಿಟ್ಟ ಹಣದಲ್ಲಿ, ಬಂದ ನೆಂಟರೆದುರು ತಲೆ ತಗ್ಗಿಸದಂತೆ ಚಹಾ ಕೊಡಬೇಕೆಂಬ ಹಂಬಲ ಆ ಆರು ಜೋಡಿಯಲ್ಲಿದೆ. ಆಕ್ಷೇಪ ಇರುವುದು ಅದೇ ಹೆಂಗಸು ಅದೇ ಅಂಗಡಿಯಿಂದ, ಅದೇ ಚೀಲಕ್ಕೆ, ಹೊರಡುವ ಮುನ್ನ ಸೇರಿಸಿಕೊಳ್ಳುವ ಇನ್ನೊಂದು ವಸ್ತುವಿನ ಬಗ್ಗೆ. ಅದು ನೂರು ಕಾಗದದ ಕಪ್ಪುಗಳ ಕಟ್ಟು, ಬೆಲೆ ಐವತ್ತು ರೂಪಾಯಿಯ ಆಸುಪಾಸು. ಮನೆಗೆ ಹೋದ ಮೇಲೆ ಪಿಂಗಾಣಿ ಕಪ್ಪುಗಳು ಗಾಜಿನ ಶೋಕೇಸಿನಲ್ಲಿ ಗೊಂಬೆಗಳ ಪಕ್ಕ ಕೂರುತ್ತವೆ. ನೆಂಟರು ಕುಡಿಯುವುದು ಕಾಗದದ ಕಪ್ಪಿನಲ್ಲಿ. ಅಗ್ಗಕ್ಕೆ ಸಿಕ್ಕಿದ ಒಳ್ಳೆಯ ವಸ್ತು ಪ್ರದರ್ಶನಕ್ಕೆ, ಅಗ್ಗವೆಂದು ತೋರುವ ದುಬಾರಿ ವಸ್ತು ಬಳಕೆಗೆ!

ಇದು ಒಂದು ಮನೆಯ ಕಥೆಯಲ್ಲ. ಸತ್ಯನಾರಾಯಣ ವ್ರತದಲ್ಲಿ, ಗೃಹಪ್ರವೇಶದಲ್ಲಿ, ಸ್ವಸಹಾಯ ಸಂಘದ ಸಭೆಯಲ್ಲಿ, ಸೊಸೈಟಿಯ ವಾರ್ಷಿಕ ಮಹಾಸಭೆಯಲ್ಲಿ ಇದೇ ಕ್ರಮ. ಹೇಳಲು ನಾಚಿಕೆಯಾಗಬೇಕಾದ ಸಂಗತಿಯೆಂದರೆ, ನದಿ ಉಳಿಸಿ, ಕಾಡು ಉಳಿಸಿ ಎಂದು ಕರೆದ ಸಭೆಗಳಲ್ಲಿಯೂ ವಿರಾಮದ ವೇಳೆಗೆ ಬರುವುದು ಇದೇ ಕಪ್ಪು. ಪಶ್ಚಿಮ ಘಟ್ಟದ ಧಾರಣಾ ಸಾಮರ್ಥ್ಯದ ಮೇಲೆ ಒಂದು ಗಂಟೆ ಉಪನ್ಯಾಸ ಕೇಳಿದ ಮಹನೀಯರು ಹೊರಗೆ ಬಂದು ನಾಲ್ಕು ಗುಟುಕು ಚಹಾ ಕುಡಿದು, ಕಪ್ಪನ್ನು ಮುದುಡಿ ಶಾಲೆಯ ಹಿಂದಿನ ಚರಂಡಿಗೆ ಎಸೆದು, ಎರಡನೆಯ ಗೋಷ್ಠಿಗೆ ಒಳಗೆ ಹೋಗುತ್ತಾರೆ. ‘ಪ್ಲಾಸ್ಟಿಕ್ ಅಲ್ಲವಲ್ಲ, ಕಾಗದ ತಾನೇ’ ಎಂಬ ಸಮಾಧಾನ ಎಲ್ಲರ ನಾಲಿಗೆಯ ತುದಿಯಲ್ಲೇ ಇದೆ.

ಕಾಗದ ತಾನೇ? ಬರಿಯ ಕಾಗದದಲ್ಲಿ ಬಿಸಿ ಚಹಾ ಎರೆದರೆ ಅದು ನೆನೆದು ಕುಸಿಯಬೇಕು. ಕುಸಿಯುವುದಿಲ್ಲ, ಏಕೆಂದರೆ ಒಳಮೈಗೆ ಪಾಲಿಎಥಿಲೀನ್ ಎಂಬ ಪ್ಲಾಸ್ಟಿಕ್ಕಿನ ತೆಳು ಪೊರೆಯನ್ನು ಅಂಟಿಸಿರುತ್ತಾರೆ. ಆ ಪೊರೆಯಿಂದಾಗಿ ಅದು ಕಾಗದದಂತೆ ಕೊಳೆಯುವುದೂ ಇಲ್ಲ, ಪ್ಲಾಸ್ಟಿಕ್ಕಿನಂತೆ ಕರಗಿಸಿ ಮರುಬಳಕೆ ಮಾಡಲು ಬರುವುದೂ ಇಲ್ಲ. ಗುಜರಿಯವನು ರದ್ದಿ ಕಾಗದವನ್ನು ಕೊಳ್ಳುತ್ತಾನೆ, ಹಾಲಿನ ಕ್ಯಾನು ಕೊಳ್ಳುತ್ತಾನೆ, ಒಡೆದ ಕೊಡವನ್ನೂ ಕೊಳ್ಳುತ್ತಾನೆ. ಕುಡಿದೆಸೆದ ಕಪ್ಪನ್ನು ಮಾತ್ರ ಕೊಳ್ಳುವುದಿಲ್ಲ. ವಸ್ತುವಿನ ನಿಜವಾದ ಬೆಲೆಯನ್ನು ಗುಜರಿಯವನಿಗಿಂತ ಚೆನ್ನಾಗಿ ಬಲ್ಲವರು ವಿರಳ.

ಖರಗಪುರದ ಭಾರತೀಯ ತಂತ್ರಜ್ಞಾನ ಸಂಸ್ಥೆಯ ಸುಧಾ ಗೋಯಲ್ ಮತ್ತು ಅವರ ತಂಡ 2020ರಲ್ಲಿ ಹೊರಗಿಟ್ಟ ಸಂಶೋಧನೆಯನ್ನು ಇಲ್ಲಿ ನೆನೆಯಬೇಕು. 85ರಿಂದ 90 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರನ್ನು ಇಂಥ ಕಪ್ಪುಗಳಲ್ಲಿ 15 ನಿಮಿಷ ಇಟ್ಟಾಗ, 100 ಮಿಲಿಲೀಟರ್ ನೀರಿಗೆ ಸುಮಾರು 25,000 ಸೂಕ್ಷ್ಮ ಪ್ಲಾಸ್ಟಿಕ್ ಕಣಗಳು ಬಿಡುಗಡೆಯಾದವು. ದಿನಕ್ಕೆ ಮೂರು ಕಪ್ಪು ಕುಡಿಯುವವನ ಹೊಟ್ಟೆಗೆ 75,000 ಕಣಗಳು ಸೇರುತ್ತವೆ. ಹದಿನೈದು ನಿಮಿಷ ಯಾರು ಕುಡಿಯುತ್ತಾರೆ ಎಂದು ಕೇಳುವವರು ಮಲೆನಾಡಿನ ಮದುವೆ ಮನೆಯ ಹರಟೆಯನ್ನು ನೋಡಿಲ್ಲ. ಈ ಕಣಗಳು ದೇಹದಲ್ಲಿ ಮಾಡುವ ಕೆಡುಕಿನ ಪೂರ್ಣ ಲೆಕ್ಕವನ್ನು ವಿಜ್ಞಾನ ಇನ್ನೂ ಬರೆದು ಮುಗಿಸಿಲ್ಲ ಎಂಬುದು ನಿಜ. ಆದರೆ ಲೆಕ್ಕ ಮುಗಿಯುವವರೆಗೆ ಕುಡಿಯುತ್ತಿರಬೇಕೆಂಬ ನಿಯಮವೂ ಇಲ್ಲ.

ಕುಡಿದ ನಂತರದ ಕಥೆ ಇನ್ನೂ ಸ್ಥಳೀಯವಾದದ್ದು. ಮಲೆನಾಡಿನ ಮನೆಗಳಲ್ಲಿ ಇಂಥ ಕಪ್ಪುಗಳು ಹೋಗಿ ಸೇರುವುದು ಬಚ್ಚಲ ಒಲೆಗೆ. ಹಂಡೆಯ ನೀರು ಕಾಯಿಸಲು ಕಾಗದ ಒಳ್ಳೆಯ ಚುರುಕು ಹಿಡಿಸುತ್ತದೆ. ಪ್ಲಾಸ್ಟಿಕ್ ಪೊರೆ ಅರೆಬೆಂದು ಬಿಡುವ ಹೊಗೆಯನ್ನು ಕುಡಿಯುವವರು ಮುಂಜಾನೆ ಒಲೆ ಊದುವ ಹೆಂಗಸರು ಮತ್ತು ಚಳಿ ಕಾಯಿಸಲು ಕುಳಿತ ಮಕ್ಕಳು. ಒಲೆಯ ಬೂದಿ ಗೊಬ್ಬರದ ಗುಂಡಿಗೆ, ಗುಂಡಿಯ ಗೊಬ್ಬರ ಅಡಿಕೆ ಮರದ ಬುಡಕ್ಕೆ ಹೋಗುತ್ತದೆ. ಒಲೆಗೆ ಹೋಗದೆ ಕೊಟ್ಟಿಗೆಯ ಹಿಂದೆ ಬಿದ್ದ ಕಪ್ಪುಗಳು ಸೊಪ್ಪು-ದರಕಿನ ಜೊತೆ ಸೇರಿ ನೇರವಾಗಿಯೇ ಗೊಬ್ಬರವಾಗಲು ಹೊರಡುತ್ತವೆ. ಕಾಗದ ಕರಗಿದ ಮೇಲೆ ಆ ಪೊರೆ ಚೂರುಚೂರಾಗಿ ತೋಟದ ಮಣ್ಣಿನಲ್ಲಿ ಉಳಿಯುತ್ತದೆ. ಸಾವಯವ ಪ್ರಮಾಣಪತ್ರಕ್ಕಾಗಿ ರಾಸಾಯನಿಕ ಗೊಬ್ಬರದ ಚೀಲವನ್ನೂ ಮನೆಯೊಳಗೆ ಬಿಟ್ಟುಕೊಳ್ಳದ ಕೃಷಿಕರು ಇದನ್ನು ಗಮನಿಸಿದಂತಿಲ್ಲ.

ಇನ್ನು ಕಾಗದದ ಪಾಲು. ಮಲೆನಾಡಿಗೆ ಕಾಗದವೆಂದರೆ ಅಂಗಡಿಯ ಸಾಮಾನಲ್ಲ, ಕಣ್ಣೆದುರಿನ ಇತಿಹಾಸ. ದಾಂಡೇಲಿಯ ಕಾಗದ ಕಾರ್ಖಾನೆಗೆ ಹೋದ ಬಿದಿರು, ಭದ್ರಾವತಿಯ ಮೈಸೂರು ಕಾಗದ ಕಾರ್ಖಾನೆಗೆಂದು ಬೆಳೆಸಿದ ನೀಲಗಿರಿ ಮತ್ತು ಅಕೇಶಿಯಾ ಇಲ್ಲಿನವರಿಗೆ ತಿಳಿಯದ್ದೇನಲ್ಲ. 1984ರಲ್ಲಿ ಹುಟ್ಟಿದ ಕರ್ನಾಟಕ ಪಲ್ಪ್‌ವುಡ್ ಕಂಪನಿಗೆ ಸರ್ಕಾರ ಹಳ್ಳಿಗಳ ಸಾಮೂಹಿಕ ಭೂಮಿಯನ್ನು ಕೊಡಹೊರಟಾಗ, 1987ರ ನವೆಂಬರ್ 14ರಂದು ಕುಸನೂರಿನಲ್ಲಿ ‘ಕಿತ್ತಿಕೋ-ಹಚ್ಚಿಕೋ’ ಸತ್ಯಾಗ್ರಹ ನಡೆಯಿತು. ಜನ ನೀಲಗಿರಿ ಸಸಿಗಳನ್ನು ಕಿತ್ತು ತಮಗೆ ಬೇಕಾದ ಗಿಡಗಳನ್ನು ನೆಟ್ಟರು. ಶಿವರಾಮ ಕಾರಂತರು ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದವರಲ್ಲಿ ಒಬ್ಬರು. 1991ರಲ್ಲಿ ಆ ಕಂಪನಿ ಮುಚ್ಚಿತು. ಅದು ರೇಯಾನ್ ನೂಲಿನ ತಿರುಳಿಗಾಗಿ ನಡೆದ ಹಂಚಿಕೆ, ಕಪ್ಪಿಗಾಗಿ ಅಲ್ಲ. ಆದರೂ ತಿರುಳಿನ ಮರ ಊರಿನ ಗೋಮಾಳವನ್ನು ಹೇಗೆ ನುಂಗುತ್ತದೆ ಎಂಬುದನ್ನು ಅದು ಒಂದು ತಲೆಮಾರಿಗೆ ಕಲಿಸಿತು. 2020ರಲ್ಲಿ, ಬಾಗಿಲು ಮುಚ್ಚಿದ್ದ ಮೈಸೂರು ಕಾಗದ ಕಾರ್ಖಾನೆಗೆ ಸುಮಾರು 20 ಸಾವಿರ ಹೆಕ್ಟೇರ್ ನೆಡುತೋಪಿನ ಗುತ್ತಿಗೆಯನ್ನು ಮತ್ತೆ 40 ವರ್ಷಕ್ಕೆ ವಿಸ್ತರಿಸಿದಾಗ ಶಿವಮೊಗ್ಗ ಜಿಲ್ಲೆಯಲ್ಲಿ ‘ನಮ್ಮೂರಿಗೆ ಅಕೇಶಿಯಾ ಮರ ಬೇಡ’ ಎಂಬ ಕೂಗು ಎದ್ದಿತು. ಆ ಕೂಗಿಗೆ ದನಿಗೂಡಿಸಿದ ಕೈಗಳಲ್ಲಿ ಕಾಗದದ ಕಪ್ಪು ಇರಬಾರದಿತ್ತು. ಈ ಕಪ್ಪಿನ ತಿರುಳು ಇದೇ ತೋಪಿನಿಂದ ಬಂತೆಂದು ಯಾರೂ ಹೇಳುತ್ತಿಲ್ಲ. ಆದರೆ ಯಾರದೋ ಊರಿನ ಬೆಟ್ಟದಿಂದ ಅದು ಬಂದೇ ಇರುತ್ತದೆ.

ಕಾನೂನಿನ ಕಡೆ ನೋಡಿದರೆ ಇನ್ನೊಂದು ವಿಚಿತ್ರ ಕಾಣುತ್ತದೆ. ಕರ್ನಾಟಕ ಸರ್ಕಾರ 2016ರ ಮಾರ್ಚಿನಲ್ಲೇ ಪ್ಲಾಸ್ಟಿಕ್ ಚೀಲದ ಜೊತೆಗೆ ಪ್ಲಾಸ್ಟಿಕ್ ಕಪ್ಪು, ತಟ್ಟೆ, ಚಮಚಗಳನ್ನೂ ನಿಷೇಧಿಸಿತು. ಕೇಂದ್ರದ ನಿಷೇಧ 2022ರ ಜುಲೈ 1ರಿಂದ ಜಾರಿಗೆ ಬಂತು. ಎರಡೂ ನಿಷೇಧಗಳ ಫಲವಾಗಿ ಪ್ಲಾಸ್ಟಿಕ್ ಕಪ್ಪು ಅಂಗಡಿಯ ಮುಂಗಟ್ಟಿನಿಂದ ಹಿಂಬದಿಗೆ ಸರಿಯಿತು. ಅದರ ಜಾಗಕ್ಕೆ ಪ್ಲಾಸ್ಟಿಕ್ಕನ್ನು ಹೊಟ್ಟೆಯೊಳಗೆ ಅಡಗಿಸಿಕೊಂಡ ಕಾಗದದ ಕಪ್ಪು ಸಭ್ಯ ವೇಷದಲ್ಲಿ ಬಂದು ಕುಳಿತಿತು. ನೆರೆಯ ತಮಿಳುನಾಡು ಇಷ್ಟು ಮುಗ್ಧವಾಗಿರಲಿಲ್ಲ. 2019ರ ಜನವರಿ 1ರಿಂದ ಅಲ್ಲಿ ಜಾರಿಗೆ ಬಂದ ನಿಷೇಧ ಪ್ಲಾಸ್ಟಿಕ್ ಲೇಪದ ಕಾಗದದ ಕಪ್ಪುಗಳನ್ನೂ ಒಳಗೊಂಡಿತು. ತಯಾರಕರು ನ್ಯಾಯಾಲಯಕ್ಕೆ ಹೋದರು. 2023ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಕಪ್ಪಿನ ಮೇಲಿನ ಆ ನಿಷೇಧವನ್ನು ಎತ್ತಿಹಿಡಿಯಿತು. ದಾರಿ ತೆರೆದೇ ಇದೆ. ಬೆಂಗಳೂರಿನ ಸಚಿವಾಲಯಕ್ಕೆ ಆ ದಾರಿಯಲ್ಲಿ ಹೆಜ್ಜೆ ಹಾಕುವ ಅವಸರ ಕಾಣುತ್ತಿಲ್ಲ.

ಇಷ್ಟು ಹೇಳಿದ ಕೂಡಲೇ ಸಭೆಯ ಹಿಂದಿನ ಸಾಲಿನಿಂದ ಯಾರಾದರೂ ಮಣ್ಣಿನ ಕುಡಿಕೆಯ ಮಾತೆತ್ತುತ್ತಾರೆ. 2004ರಲ್ಲಿ ರೈಲ್ವೆ ಮಂತ್ರಿಯಾಗಿದ್ದ ಲಾಲು ಪ್ರಸಾದ್ ಯಾದವ್ ನಿಲ್ದಾಣಗಳಲ್ಲಿ ಕುಡಿಕೆಯ ಚಹಾ ತಂದರು. 2020ರಲ್ಲಿ ಪೀಯೂಷ್ ಗೋಯಲ್ ಅದನ್ನೇ ಮತ್ತೆ ಘೋಷಿಸಿದರು. ಮಣ್ಣಿನಿಂದ ಬಂದದ್ದು ಮಣ್ಣಿಗೇ ಹೋಗುತ್ತದೆ ಎಂಬ ಮಾತು ಕೇಳಲು ಇಂಪಾಗಿದೆ. ಮಣ್ಣಿನ ವಿಜ್ಞಾನ ಅದನ್ನು ಒಪ್ಪುವುದಿಲ್ಲ. ಜೇಡಿಯ ಕಣದೊಳಗೆ ರಚನೆಯ ಭಾಗವಾಗಿಯೇ ಕುಳಿತ ನೀರು ಸುಮಾರು 500ರಿಂದ 600 ಡಿಗ್ರಿ ಸೆಲ್ಸಿಯಸ್ ಬಿಸಿಗೆ ಹೊರಟುಹೋಗುತ್ತದೆ. ಆ ಮೇಲೆ ಅದು ಜೇಡಿಯಲ್ಲ. ನೀರು ಹಾಕಿ ಕಲಸಿದರೂ ಮರಳಿ ಮಣ್ಣಾಗುವುದಿಲ್ಲ. ಆಗುವಂತಿದ್ದರೆ ಹರಪ್ಪದ ಮಡಕೆ ಚೂರುಗಳು ನಾಲ್ಕೂವರೆ ಸಾವಿರ ವರ್ಷ ಉಳಿದು ಪುರಾತತ್ವ ಇಲಾಖೆಯವರ ಕೈಗೆ ಸಿಗುತ್ತಿರಲಿಲ್ಲ. ಕುಡಿಕೆಯ ಚೂರು ವಿಷವಲ್ಲ, ಅದು ಒಪ್ಪತಕ್ಕದ್ದೇ. ಆದರೆ ಕೆರೆಯಂಗಳದ ಫಲವತ್ತಾದ ಗೋಡನ್ನು ತೆಗೆದು, ಕಟ್ಟಿಗೆ ಉರಿಸಿ ಸುಟ್ಟು, ನಾಲ್ಕು ನಿಮಿಷದ ಚಹಾಕ್ಕಾಗಿ ಒಡೆದು ಎಸೆಯುವುದನ್ನು ಮಿತವ್ಯಯವೆಂದು ಕರೆಯಲಾಗದು. ಒಂದು ಅಂಗುಲ ಮೇಲ್ಮಣ್ಣು ಕೂಡಲು ಶತಮಾನಗಳೇ ಬೇಕು.

ಕುಂಬಾರರಿಗೆ ಕೆಲಸ ಬೇಡವೇ? ಖಂಡಿತ ಬೇಕು. ಬೆಳಗಾವಿ ಜಿಲ್ಲೆಯ ಖಾನಾಪುರದಲ್ಲಿ, ಘಟ್ಟದ ಸೆರಗಿನಲ್ಲೇ, ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕೇಂದ್ರೀಯ ಗ್ರಾಮ ಕುಂಬಾರಿಕೆ ಸಂಸ್ಥೆ ಇದೆ. ಕುಂಬಾರನ ಕೈಯಿಂದ ಹತ್ತು ವರ್ಷ ಬಾಳುವ, ತೊಳೆದು ಇಡಬಹುದಾದ ಲೋಟ ಮಾಡಿಸಬೇಕೇ ಹೊರತು, ಹತ್ತು ನಿಮಿಷದಲ್ಲಿ ಎಸೆಯುವ ಕುಡಿಕೆಯನ್ನು ಸಾವಿರಗಟ್ಟಲೆ ತಿಪ್ಪೆಗಾಗಿ ಮಾಡಿಸುವುದು ಆ ಕೈಗೆ ಮಾಡುವ ಗೌರವವಲ್ಲ. ಇನ್ನು ನಗರದ ಕರಕುಶಲ ಮಳಿಗೆಗಳಲ್ಲಿ ಒಂದಕ್ಕೆ ಐದುನೂರು ಕೊಟ್ಟು ತಂದ ಕಪ್ಪನ್ನು ಹಿಡಿದು, ಜಾತ್ರೆಯ ಕಪ್ಪಿನತ್ತ ಮೂಗು ಮುರಿಯುವ ಪರಿಸರಪ್ರೇಮ. ಅದರ ಬಗ್ಗೆ ಹೆಚ್ಚು ಬರೆಯುವ ಅಗತ್ಯವಿಲ್ಲ.

ಹಾಗಾದರೆ ಜಾತ್ರೆಯ ಕಪ್ಪಿನ ಮೇಲೆ ದೋಷವಿಲ್ಲವೇ? ಇದೆ. ಅದನ್ನು ಮುಚ್ಚಿಡುವುದು ಸಲ್ಲದು. ಈ ರಾಶಿಯಲ್ಲಿ ಹೆಚ್ಚಿನವು ಉತ್ತರ ಪ್ರದೇಶದ ಖುರ್ಜಾದಂಥ ಪಿಂಗಾಣಿ ಊರುಗಳಲ್ಲಿ ತಯಾರಾಗಿ, ತಪಾಸಣೆಯಲ್ಲಿ ತಿರಸ್ಕೃತವಾದ ಎರಡನೆಯ ದರ್ಜೆಯ ಮಾಲು. ಜೇಡಿ, ಬೆಣಚು, ಫೆಲ್ಡ್‌ಸ್ಪಾರ್ ಪುಡಿ ಮಾಡುವಲ್ಲಿ ಏಳುವ ಸಿಲಿಕಾ ಧೂಳು ಕೆಲಸಗಾರರ ಶ್ವಾಸಕೋಶವನ್ನು ಗಟ್ಟಿ ಮಾಡುತ್ತದೆ. ಸಿಲಿಕೋಸಿಸ್ ಎಂಬ ಆ ಕಾಯಿಲೆಗೆ ಮದ್ದಿಲ್ಲ. ಐವತ್ತು ರೂಪಾಯಿಯ ಜೋಡಿಯಲ್ಲಿ ಆ ಉಸಿರಿನ ಬೆಲೆ ಸೇರಿಲ್ಲ. ಚಹಾದಂಗಡಿಯ ಗೀರುಗೀರಿನ ಗಾಜಿನ ಲೋಟದ ಹಿಂದೆಯೂ ಇಂಥದೇ ಕಥೆಯಿದೆ. ಗಾಜಿನ ಊರು ಫಿರೋಜಾಬಾದಿನ ಕುಲುಮೆಗಳ ಕಲ್ಲಿದ್ದಲ ಹೊಗೆ ತಾಜಮಹಲನ್ನು ಕೆಡಿಸುತ್ತಿದೆಯೆಂದು 1996ರ ಡಿಸೆಂಬರ್ 30ರಂದು ಸುಪ್ರೀಂ ಕೋರ್ಟು, ಎಂ. ಸಿ. ಮೆಹ್ತಾ ಅವರ ಮೊಕದ್ದಮೆಯಲ್ಲಿ, ಆ ವಲಯದ ಕೈಗಾರಿಕೆಗಳು ನೈಸರ್ಗಿಕ ಅನಿಲಕ್ಕೆ ಬದಲಾಗಬೇಕು ಇಲ್ಲವೇ ಜಾಗ ಬಿಡಬೇಕು ಎಂದು ಆಜ್ಞಾಪಿಸಿತು. ಅಮೃತಶಿಲೆ ಹಳದಿಯಾದದ್ದು ದೇಶಕ್ಕೆ ಕಂಡಿತು. ಕುಲುಮೆಯ ಮುಂದೆ ನಿಂತವನ ಪುಪ್ಪುಸ ಕಪ್ಪಾದದ್ದು ಅಷ್ಟು ಬೇಗ ಕಾಣಲಿಲ್ಲ.

ಆದರೆ ಈ ಪಾಪವನ್ನು ಒಂದು ಸಲ ಮಾಡಿ ಸಾವಿರ ಸಲ ಬಳಸುವುದಕ್ಕೂ, ಪ್ರತಿ ಗುಟುಕಿಗೊಮ್ಮೆ ಹೊಸ ಪಾಪ ಮಾಡುವುದಕ್ಕೂ ವ್ಯತ್ಯಾಸವಿದೆ. ಈ ವ್ಯತ್ಯಾಸವನ್ನು ಅಳೆದವರು ಕೆನಡಾದ ವಿಕ್ಟೋರಿಯಾ ವಿಶ್ವವಿದ್ಯಾಲಯದ ಮಾರ್ಟಿನ್ ಹಾಕಿಂಗ್. 1994ರಲ್ಲಿ ಅವರು ಪ್ರಕಟಿಸಿದ ಲೆಕ್ಕದಂತೆ ಒಂದು ಪಿಂಗಾಣಿ ಕಪ್ಪನ್ನು ತಯಾರಿಸಲು ಸುಮಾರು 14 ಮೆಗಾಜೂಲ್, ಗಾಜಿನ ಕಪ್ಪಿಗೆ 5.5, ಕಾಗದದ ಕಪ್ಪಿಗೆ 0.55 ಮೆಗಾಜೂಲ್ ಶಕ್ತಿ ಬೇಕು. ಮೇಲ್ನೋಟಕ್ಕೆ ಕಾಗದವೇ ಗೆದ್ದಿತು! ಆದರೆ ಗಾಜಿನ ಕಪ್ಪನ್ನು 15 ಸಲ, ಪಿಂಗಾಣಿಯನ್ನು 39 ಸಲ ಬಳಸುವಷ್ಟರಲ್ಲಿ ಲೆಕ್ಕ ಸರಿಸಮವಾಗುತ್ತದೆ. ಅಲ್ಲಿಂದ ಮುಂದೆ ಪ್ರತಿ ಬಳಕೆಯೂ ಉಳಿತಾಯ. ಅದೂ ಬಿಸಿನೀರಿನ ಪಾತ್ರೆ ತೊಳೆಯುವ ಯಂತ್ರದ ವೆಚ್ಚವನ್ನು ಸೇರಿಸಿ. ಮಲೆನಾಡಿನ ಬಚ್ಚಲಲ್ಲಿ ತಣ್ಣೀರು, ಚಿಟಿಕೆ ಬೂದಿ ಅಥವಾ ಸೋಪು ಹಾಕಿ ತೊಳೆದರೆ ಲೆಕ್ಕ ಇನ್ನೂ ಬೇಗ ಹೊಂದುತ್ತದೆ. ನೆಂಟರು ಬಂದಾಗಲೆಲ್ಲ ಬಳಸಿದರೆ ಆ ಮೂವತ್ತೊಂಬತ್ತು ಸಲ ಎಷ್ಟು ಕಾಲ? ಯುಗಾದಿಯಿಂದ ದೀಪಾವಳಿಯೊಳಗೆ ಮುಗಿಯುತ್ತದೆ. ಶೋಕೇಸಿನಲ್ಲಿಟ್ಟರೆ ಎಂದೂ ಮುಗಿಯುವುದಿಲ್ಲ.

ರೂಪಾಯಿಯ ಲೆಕ್ಕವೂ ಹೀಗೆಯೇ. ಆರು ಜೋಡಿಗೆ ಕೊಟ್ಟ ಇನ್ನೂರ ಮೂವತ್ತು ರೂಪಾಯಿಗೆ ಕಾಗದದ ಕಪ್ಪು ಬಂದರೆ ನಾನೂರ ಅರವತ್ತು. ದಿನಕ್ಕೆ ಐದರಂತೆ ಮೂರು ತಿಂಗಳಲ್ಲಿ ಖಾಲಿ.

ಆದ್ದರಿಂದ ಕೊಳ್ಳುವವರು ಕೊಳ್ಳಲಿ, ಚೌಕಾಸಿಯನ್ನೂ ಮಾಡಲಿ. ಆದರೆ ಬೆಲೆಯ ಮೇಲಷ್ಟೇ ಕಣ್ಣಿಡದೆ ಕಪ್ಪಿನ ಒಳಮೈಯನ್ನೂ ನೋಡಲಿ. ಚಹಾ ತಾಗುವ ಭಾಗ ಬರಿ ಬಿಳಿಯಾಗಿರಬೇಕು. ಒಳಗೆ ಗಾಢ ಕೆಂಪು, ಕಿತ್ತಳೆ, ಹಳದಿ ಬಳಿದದ್ದು, ಬಾಯಿ ತಾಗುವ ಅಂಚಿನಲ್ಲಿ ಚಿತ್ರ ಇರುವುದು, ಮೆರುಗಿನಲ್ಲಿ ಕೂದಲೆಳೆಯ ಬಿರುಕುಗಳ ಜಾಲ ಮೂಡಿರುವುದು ಬೇಡ. ಬಣ್ಣ ಮತ್ತು ಮೆರುಗಿನಲ್ಲಿ ಸೀಸ, ಕ್ಯಾಡ್ಮಿಯಂ ಬೆರೆತಿದ್ದರೆ ಹುಳಿ ಪದಾರ್ಥ ಅದನ್ನು ಹೊರಗೆಳೆಯುತ್ತದೆ. ಮೆಕ್ಸಿಕೋದಲ್ಲಿ ಕೊಂಡು ತಂದ ಚೆಂದದ ಹೂಜಿಯೊಂದರಲ್ಲಿ ಕಿತ್ತಳೆ ರಸ ಇಟ್ಟು ಕುಡಿದ ಕ್ಯಾಲಿಫೋರ್ನಿಯಾದ ಕುಟುಂಬವೊಂದು ಸೀಸದ ವಿಷಕ್ಕೆ ತುತ್ತಾದ ಮೇಲೆಯೇ, 1970ರ ದಶಕದ ಆರಂಭದಲ್ಲಿ, ಅಮೆರಿಕ ಇದಕ್ಕೆ ಮಿತಿ ಹಾಕಲು ಹೊರಟದ್ದು. ಹಾಲಿನ ಚಹಾ ಅಷ್ಟು ಹುಳಿಯಲ್ಲ. ಲಿಂಬೆ ಚಹಾ, ಮುರುಗಲ ಪಾನಕ ಹುಳಿಯೇ. ಅಂಥವಕ್ಕೆ ಗಾಜು ಅಥವಾ ಸ್ಟೀಲು ಸರಿ. ತಟ್ಟಿ ನೋಡಿದಾಗ ಠಣ್ಣೆಂದು ದನಿ ಕೊಡುವ, ಹಿಡಿಕೆ ಸೊಟ್ಟಗಿದ್ದು ಮೆರುಗು ಗಟ್ಟಿಯಿರುವ ಬಿಳಿ ಕಪ್ಪು ಆ ರಾಶಿಯಲ್ಲಿನ ಉತ್ತಮ ವ್ಯಾಪಾರ. ಅದಕ್ಕೆ ತಗುಲಿದ ಬೆಂಕಿ ಆಗಲೇ ಉರಿದು ಹೋಗಿದೆ. ಸೊಟ್ಟ ಹಿಡಿಕೆಯ ಕಾರಣಕ್ಕೆ ಅದನ್ನು ಒಡೆದು ಹಾಕುವುದಕ್ಕಿಂತ ಕೊಂಡು ಬಳಸುವುದೇ ಮೇಲು. (ಬೋನ್ ಚೈನಾ ಎಂಬ ಹೆಸರಿನದು ಅಸಲಿಯಾಗಿದ್ದರೆ ಅದರ ಅರ್ಧದಷ್ಟು ದನದ ಮೂಳೆಯ ಬೂದಿ ಎಂಬುದನ್ನು ಮಡಿವಂತರು ತಿಳಿದು ಕೊಂಡರೆ ಸಾಕು.)

ಪಕ್ಕದಲ್ಲೇ ಇರುವ ಹಗುರ, ಒಡೆಯದ, ಹೊಳೆಯುವ ಮೆಲಮೈನ್ ಕಪ್ಪುಗಳಿಂದ ದೂರವಿರುವುದು ಲೇಸು. ಅದು ಮೆಲಮೈನ್ ಮತ್ತು ಫಾರ್ಮಾಲ್ಡಿಹೈಡ್ ಸೇರಿಸಿ ಮಾಡಿದ ರಾಳ. ತೈವಾನಿನ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೆಲಮೈನ್ ಬಟ್ಟಲಿನಲ್ಲಿ ಬಿಸಿ ಸಾರು ಕುಡಿದವರ ಮೂತ್ರದಲ್ಲಿ, ಪಿಂಗಾಣಿ ಬಟ್ಟಲಿನಲ್ಲಿ ಕುಡಿದಾಗಿಗಿಂತ ಹಲವು ಪಟ್ಟು ಮೆಲಮೈನ್ ಕಂಡುಬಂತು. ತಣ್ಣಗಿನ ಪದಾರ್ಥ ಬಡಿಸಲು ಅಡ್ಡಿಯಿಲ್ಲ. ಕುದಿಯುವ ಚಹಾಕ್ಕೆ ಅದು ಹೇಳಿದ್ದಲ್ಲ.

ಕೊಳ್ಳುವ ವಿಷಯ ಇಷ್ಟೇ. ತೊಳೆಯುವ ವಿಷಯ ಕಠಿಣವಾದದ್ದು, ಮತ್ತು ವಾದವಿರುವುದು ಅಲ್ಲಿಯೇ. ಕಾಗದದ ಕಪ್ಪಿನ ಕಟ್ಟಿನಲ್ಲಿ ನಿಜವಾಗಿ ಮಾರಾಟವಾಗುವ ವಸ್ತು ಕಪ್ಪಲ್ಲ, ತೊಳೆಯದಿರುವ ಸೌಕರ್ಯ. ಆ ಸೌಕರ್ಯವನ್ನು ಕೊಳ್ಳುವವರನ್ನು ಸೋಮಾರಿಗಳೆಂದು ಬೈದು ಮುಗಿಸುವುದು ಸುಲಭ, ನ್ಯಾಯವಲ್ಲ. ಮಲೆನಾಡಿನ ಮನೆಗಳಲ್ಲಿ ಉಳಿದಿರುವವರು ಮುದುಕರು. ಐವತ್ತು ಜನ ನೆಂಟರ ಕಪ್ಪು ತೊಳೆಯುವ ಕೈಗಳು ಬೆಂಗಳೂರಿಗೆ ಹೋಗಿವೆ. ಉಳಿದ ಎರಡು ಕೈಗಳು ಮನೆಯ ಹೆಂಗಸಿನವು, ಮತ್ತು ಕಾಗದದ ಕಪ್ಪನ್ನು ಆಕೆ ಬಿಡುಗಡೆಯೆಂದು ಸ್ವಾಗತಿಸಿದರೆ ತಪ್ಪು ಆಕೆಯದಲ್ಲ. ಜಗುಲಿಯಲ್ಲಿ ಕುಳಿತು ಕುಡಿದ ಕಪ್ಪನ್ನು ಅಲ್ಲೇ ಬಿಟ್ಟು ಎದ್ದು ಹೋಗುವ ಗಂಡಸರದು.

ಚಹಾದಂಗಡಿಯವನ ಲೆಕ್ಕವನ್ನೂ ಗೌರವದಿಂದ ನೋಡಬೇಕು. ದಿನಕ್ಕೆ ಇನ್ನೂರು ಚಹಾ, ವರ್ಷಕ್ಕೆ ಮುನ್ನೂರು ದಿನ ವ್ಯಾಪಾರ ಎಂದಿಟ್ಟುಕೊಂಡರೆ ಅರವತ್ತು ಸಾವಿರ ಕಪ್ಪು. ಒಂದಕ್ಕೆ ಐವತ್ತು ಪೈಸೆಯಂತೆ ಮೂವತ್ತು ಸಾವಿರ ರೂಪಾಯಿ. ಇಪ್ಪತ್ತು ರೂಪಾಯಿಯ ಅರವತ್ತು ಗಾಜಿನ ಲೋಟ ಕೊಂಡು, ನಾಲ್ಕು ತಿಂಗಳಿಗೊಮ್ಮೆ ಅಷ್ಟೂ ಒಡೆದು ಹೊಸದು ತಂದರೂ ವರ್ಷಕ್ಕೆ ಮೂರು ಸಾವಿರದ ಆರುನೂರು. ಉಳಿಯುವುದು ತಿಂಗಳಿಗೆ ಎರಡು ಸಾವಿರದ ಇನ್ನೂರು. ಆ ದುಡ್ಡಿಗೆ ತೊಳೆಯುವ ಆಳು ಸಿಗುವುದಿಲ್ಲ. ಅಂಗಡಿಯವನು ಪೆದ್ದನಲ್ಲ. ಆದರೆ ಅವನ ಲೆಕ್ಕದಲ್ಲಿ ಬಾರದ ಖರ್ಚೊಂದಿದೆ: ಆ ಅರವತ್ತು ಸಾವಿರ ಕಪ್ಪನ್ನು ಹೆಕ್ಕಿ ಸಾಗಿಸುವ ಖರ್ಚು. ಅದನ್ನು ಪಂಚಾಯಿತಿ ಕೊಡಬೇಕು. ಪಂಚಾಯಿತಿ ಕೊಡದಿದ್ದರೆ ಮಳೆಗಾಲದ ಮೊದಲ ವಾರದಲ್ಲಿ ಹಳ್ಳ ಕೊಡುತ್ತದೆ. ಕಸದ ಶುಲ್ಕವನ್ನು ಎಸೆಯುವ ಕಪ್ಪಿನ ಸಂಖ್ಯೆಗೆ ಹೊಂದಿಸಿದರೆ, ಗಾಜಿನ ಲೋಟ ಇಡುವ ಅಂಗಡಿಗೆ ಪೂರ್ಣ ವಿನಾಯಿತಿ ಕೊಟ್ಟರೆ, ಅದೇ ಅಂಗಡಿಯವನ ಲೆಕ್ಕ ಬೇರೆಯಾಗುತ್ತದೆ.

ತೊಳೆಯುವುದರ ಹಿಂದೆ ಇನ್ನೂ ಆಳದ ಒಂದು ಅಳುಕಿದೆ. ಅದನ್ನು ಪರಿಸರದವರು ಬರೆಯುವುದಿಲ್ಲ. ಬೇರೆಯವರ ಎಂಜಲು ತಾಗಿದ ಲೋಟ ಎಂಬ ಭಾವನೆಗೆ ಈ ನೆಲದಲ್ಲಿ ಜಾತಿಯ ಹೆಸರಿದೆ. ಹೋಟೆಲಿನ ಹೊರಗೆ ದಲಿತರಿಗೆಂದು ತೆಂಗಿನ ಚಿಪ್ಪು ಅಥವಾ ಬೇರೆ ಲೋಟ ಇಡುತ್ತಿದ್ದುದು ಬಹಳ ಹಿಂದಿನ ಮಾತಲ್ಲ. 1955ರ ನಾಗರಿಕ ಹಕ್ಕುಗಳ ರಕ್ಷಣಾ ಕಾಯಿದೆ ಹೋಟೆಲಿನ ಪಾತ್ರೆ ಬಳಸದಂತೆ ತಡೆಯುವುದನ್ನು ಅಪರಾಧವೆಂದು ಸಾರಿದ ಅರ್ಧ ಶತಮಾನದ ನಂತರವೂ, ಘನಶ್ಯಾಮ್ ಷಾ ಮತ್ತು ಸಂಗಡಿಗರು 11 ರಾಜ್ಯಗಳ 565 ಹಳ್ಳಿಗಳಲ್ಲಿ ನಡೆಸಿ 2006ರಲ್ಲಿ ಪುಸ್ತಕವಾಗಿ ಹೊರತಂದ ಸಮೀಕ್ಷೆ ಎರಡು ಲೋಟದ ಪದ್ಧತಿ ಜೀವಂತವಾಗಿರುವುದನ್ನು ದಾಖಲಿಸಿತು. ಎಲ್ಲರಿಗೂ ಕಾಗದದ ಕಪ್ಪು ಬಂದಾಗ ಆ ಭೇದ ಅಳಿಯಿತೆಂದು ಕೆಲವರು ಸಂತೋಷಪಟ್ಟರು. ಅಳಿಯಲಿಲ್ಲ, ಕಾಣದಾಯಿತು. ತನ್ನವರಿಗೆ ಒಳಗೆ ಸ್ಟೀಲಿನ ಲೋಟ, ತೋಟದ ಕೆಲಸಕ್ಕೆ ಬಂದವರಿಗೆ ಹೊರಗೆ ಕಾಗದದ ಕಪ್ಪು. ಇದನ್ನು ಈಗ ಶುಚಿತ್ವ ಎನ್ನಬಹುದು. 2020ರ ಸಾಂಕ್ರಾಮಿಕದ ನಂತರವಂತೂ ವೈದ್ಯಕೀಯ ನೆಪವೂ ದೊರೆತಿದೆ. ಸೋಪು ಮತ್ತು ಬಿಸಿನೀರಿಗೆ ಹೋಗದ ಎಂಜಲಿಲ್ಲ, ಮತ್ತು ಚಹಾದ ಒಲೆಯ ಮೇಲೆ ಬಿಸಿನೀರಿಗೆ ಎಂದೂ ಬರವಿಲ್ಲ. ಒಂದೇ ರಾಶಿಯ ಲೋಟದಲ್ಲಿ ಎಲ್ಲರೂ ಕುಡಿದು, ಎಲ್ಲರ ಲೋಟವನ್ನು ಎಲ್ಲರೂ ತೊಳೆಯುವುದಕ್ಕೆ ಒಪ್ಪದ ಊರು ಕಾಗದದ ಕಪ್ಪನ್ನು ಬಿಡಲಾರದು.

ಪರಿಹಾರಕ್ಕೆ ಹೊಸದಾಗಿ ಏನನ್ನೂ ಕಂಡುಹಿಡಿಯಬೇಕಿಲ್ಲ. ಮದುವೆ-ಮುಂಜಿಗೆ ಊರಿನ ದೇವಸ್ಥಾನದಿಂದಲೋ ಸಂಘದಿಂದಲೋ ಹಂಡೆ, ಕೊಳಗ, ಕಡಾಯಿಗಳನ್ನು ಬಾಡಿಗೆಗೆ ತರುವ ಪದ್ಧತಿ ಮಲೆನಾಡಿನಲ್ಲಿ ಹಿಂದಿನಿಂದ ಇದೆ. ಆ ಕೋಣೆಗೆ ಇನ್ನೂರು ಸ್ಟೀಲಿನ ಲೋಟ ಸೇರಿಸಿದರೆ ಸಾಕು. ಸ್ಟೀಲು ಒಡೆಯುವುದಿಲ್ಲ, ಮುದುಡಿದರೂ ಗುಜರಿಯವನು ಕೊಳ್ಳುತ್ತಾನೆ. ಜಾತ್ರೆಯ ಅಂಗಡಿ ಜಾಗಗಳನ್ನು ಹರಾಜು ಹಾಕುವಾಗ ಕಾಗದದ ಕಪ್ಪು ಮಾರುವಂತಿಲ್ಲ, ಚಹಾ ಕೊಡುವಂತಿಲ್ಲ ಎಂಬ ಒಂದು ಷರತ್ತು ಬರೆಯಲು ಸಮಿತಿಗಳಿಗೂ ಪುರಸಭೆಗಳಿಗೂ ಯಾವ ಹೊಸ ಕಾಯಿದೆಯೂ ಬೇಕಿಲ್ಲ. ಪಿಂಗಾಣಿಯ ರಾಶಿ ಅಲ್ಲೇ ಇರಲಿ, ಚೌಕಾಸಿಯೂ ನಡೆಯಲಿ.

ಸಂಘಟನೆಗಳು ಮೊದಲು ತಮ್ಮ ಸಭೆಯನ್ನು ಸರಿಪಡಿಸಿಕೊಳ್ಳಬೇಕು. ಬರುವ ತಿಂಗಳಿನಿಂದ ಯಾವ ಸಭೆಯ ಆಮಂತ್ರಣದಲ್ಲೂ ‘ಲೋಟ ತನ್ನಿ’ ಎಂಬ ಒಂದು ಸಾಲು ಇರಲಿ. ತರದವರಿಗೆ ಸಂಘದ ಲೋಟ ಇರಲಿ. ಚಹಾ ಮಾಡಿದ ಮನೆಯ ಹೆಂಗಸರ ಮೇಲೆಯೇ ತೊಳೆಯುವ ಹೊರೆಯನ್ನೂ ಹೊರಿಸುವುದಾದರೆ ಈ ಮಾತನ್ನೇ ಎತ್ತಬಾರದು. ತೊಳೆಯಲು ಸರದಿಯ ಪಟ್ಟಿ ಮಾಡಿ ಗೋಡೆಗೆ ಅಂಟಿಸಬೇಕು. ಮೊದಲ ಹೆಸರು ಅಧ್ಯಕ್ಷರದು, ಎರಡನೆಯದು ಆ ದಿನದ ಮುಖ್ಯ ಅತಿಥಿಗಳದು.